ಡ್ರಿಲ್ ಟೀಚರ್ ಬೈಯದ ದಿನ

ಕಾರಿಡಾರಿನ ಎರಡು ತುದಿಗೆ ಒಂದೊಂದು ಕಿತ್ತಳೆ ಬಣ್ಣದ ಕೋನ್, ನೆಲದ ಮೇಲೆ ಮೀಟರಿಗೊಂದು ಹಳದಿ ಟೇಪು, ಗೋಡೆಯ ಪಕ್ಕ ಒಂದು ಕುರ್ಚಿ, ಅದರ ಹಿಂದೆ ಆಮ್ಲಜನಕದ ಸಿಲಿಂಡರ್. ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಡ್ರಿಲ್ ಟೀಚರ್‌ಗೆ ಸಿಕ್ಕಿದ್ದ ಜಾಗ ಇಷ್ಟೇ. ವಿಷಾನಿಲದಿಂದ ಶ್ವಾಸಕೋಶ ಕೆಟ್ಟವರನ್ನು ಅವರು ಇಲ್ಲಿ ಆರು ನಿಮಿಷ ನಡೆಸಿ, ಎಷ್ಟು ದೂರ ನಡೆದರು ಎಂದು ಅಳೆದು ಬರೆಯಬೇಕು.

ಆಕೆ ನಿಜವಾಗಿಯೂ ಡ್ರಿಲ್ ಟೀಚರೇ. ಇಪ್ಪತ್ತು ವರ್ಷ ಮಕ್ಕಳನ್ನು ಮೈದಾನದಲ್ಲಿ ಓಡಿಸಿದವರು. ಶಾಲೆ ಇದ್ದದ್ದು ಇಳಿಜಾರಿನ ಕೆಳಗೆ, ನೀರು ಶುದ್ಧೀಕರಿಸುವ ಘಟಕ ಇದ್ದದ್ದು ಮೇಲೆ. ಒಂದು ಬೆಳಿಗ್ಗೆ ಅಲ್ಲಿನ ಕ್ಲೋರಿನ್ ಸಿಲಿಂಡರಿನ ಕವಾಟ ಕಿತ್ತುಹೋಯಿತು. ಕ್ಲೋರಿನ್ ಗಾಳಿಗಿಂತ ಭಾರ. ಚೆಲ್ಲಿದ ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಶಾಲೆಯ ಗಂಟೆ ಹೊಡೆಯುವ ಜವಾನ, ಎಲ್ಲರ ಬಾಯಲ್ಲಿ ಗಂಟೆಯಣ್ಣ, ವಾಸನೆ ಮೂಗಿಗೆ ಬಡಿದದ್ದೇ ಗಂಟೆಯ ಹಗ್ಗ ಹಿಡಿದು ನಿಂತುಬಿಟ್ಟ. ಡ್ರಿಲ್ ಟೀಚರ್ ಮಕ್ಕಳನ್ನು ಬೈದು, ನೂಕಿ, ಪಕ್ಕದ ದಿಣ್ಣೆ ಹತ್ತಿಸಿದರು. ಕೊನೆಯ ತರಗತಿ ಹೊರಬೀಳುವ ತನಕ ಗಂಟೆ ನಿಲ್ಲಲಿಲ್ಲ. ಮಕ್ಕಳೆಲ್ಲ ಉಳಿದರು. ಗಂಟೆಯಣ್ಣನ ಶ್ವಾಸನಾಳಗಳು ಒಳಗೊಳಗೇ ಗಾಯವಾಗಿ, ಮಾಯುತ್ತಾ ಕಿರಿದಾಗಿ ಕೂತವು.

ಶಾಲೆ ಬೇರೆ ಕಟ್ಟಡಕ್ಕೆ ಹೋಯಿತು. ಅಲ್ಲಿ ಮೈದಾನವಿರಲಿಲ್ಲ, ಮೈದಾನವೇ ಇಲ್ಲದ ಮೇಲೆ ಡ್ರಿಲ್ ಟೀಚರ್ ಯಾತಕ್ಕೆ? ಹಾಗೆ ಅವರು ಈ ಕಾರಿಡಾರಿಗೆ ಬಂದರು.

ಸಂಶೋಧನೆ ಒಂದು ಹೊಸ ಔಷಧದ ಮೇಲೆ ನಡೆದಿತ್ತು. ರೋಗಿಗಳು ದಿನವೂ ಅದನ್ನು ಹಬೆಯಾಗಿ ಎಳೆದುಕೊಳ್ಳಬೇಕು. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಶುರುವಿನಲ್ಲಿ ಒಂದು ನಡಿಗೆ, ನಡುವೆ ಒಂದು, ಆರು ತಿಂಗಳಾದ ಮೇಲೆ ಕೊನೆಯದು. ಕೊನೆಯ ನಡಿಗೆಯಲ್ಲಿ ಮೊದಲಿಗಿಂತ ಹೆಚ್ಚು ದೂರ ಹೋದವರನ್ನು ಮುಂದಿನ ಹಂತಕ್ಕೆ ತೆಗೆದುಕೊಳ್ಳುತ್ತಾರೆ. ಅಲ್ಲಿ ಎಲ್ಲರಿಗೂ ನಿಜವಾದ ಔಷಧವೇ. ಉಳಿದವರು ಮನೆಗೆ.

ಮೊದಲ ನಡಿಗೆ ಮಾಡಿಸಿದ್ದವನು ಡ್ರಿಲ್ ಟೀಚರ್‌ಗಿಂತ ಮುಂಚೆ ಇದ್ದ ಒಬ್ಬ ಮೂಕಬಸವ, ತುಟಿಯೇ ಬಿಚ್ಚದವನು. ನಡುವಿನ ನಡಿಗೆಯ ಹೊತ್ತಿಗೆ ಇವರು ಬಂದಿದ್ದರು, ಕಾರಿಡಾರಿನ ಕಳೆಯೇ ಬದಲಾಗಿತ್ತು.

“ಏನ್ರೀ, ಮದುವೆ ದಿಬ್ಬಣಾನಾ ಇದು? ಕಾಲು ಎತ್ತಿ ಹಾಕಿ!”

“ಎತ್ತಿದ್ದೀನಿ ಟೀಚರಮ್ಮ. ಅದು ಬರ್ತಿಲ್ಲ.”

“ನಿಮ್ಮ ಕಾಲು ನಿಮ್ಮ ಮಾತು ಕೇಳದೆ ಇನ್ಯಾರ ಮಾತು ಕೇಳತ್ತೆ ಗಂಟೆಯಣ್ಣ? ನಾಚಿಕೆ ಆಗ್ಬೇಕು. ನಡೀರಿ, ನಾನೂ ಬರ್ತೀನಿ.”

ಗಂಟೆಯಣ್ಣ ನಗುತ್ತಾ, ಕೆಮ್ಮುತ್ತಾ, ಆಕೆಯ ಪಕ್ಕದಲ್ಲಿ ಹೆಜ್ಜೆ ಹಾಕಿದ. ಮೊದಲಿಗಿಂತ ಎಷ್ಟೋ ಮುಂದೆ ಹೋದ. ಅವನ ಮಗಳು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು, ಖುಷಿಗೆ ಕಣ್ಣೊರೆಸಿಕೊಂಡಳು. ಅವನೊಬ್ಬನೇ ಅಲ್ಲ, ಎಲ್ಲರೂ ಮುಂದೆ ಹೋದರು.

ಕುತ್ತು ಬಂದದ್ದು ಅಲ್ಲಿಯೇ. ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ ಒಂದು ಮಧ್ಯಾಹ್ನ ಕಾರಿಡಾರಿಗೆ ಬಂದು, ಸ್ವಲ್ಪ ಹೊತ್ತು ನಿಂತು ನೋಡಿ, ಟೀಚರ್ ಅವರನ್ನು ಕೋಣೆಗೆ ಕರೆದರು.

“ಇವರಲ್ಲಿ ಅರ್ಧ ಜನ ಎಳ್ಕೊಳ್ತಿರೋದು ಉಪ್ಪುನೀರು. ಎಲ್ಲರೂ ಹೇಗೆ ಸುಧಾರಿಸಿದ್ರು?”

ಡಾಕ್ಟರಮ್ಮ ಅಳತೆಯ ಪುಸ್ತಕವನ್ನು ಟೀಚರ್ ಕಡೆ ತಿರುಗಿಸಿದರು.

“ನೀವು ನಡೆಸ್ತಿದ್ದೀರಿ. ತಪ್ಪು ನಂದೇ, ನಿಯಮ ಸರಿಯಾಗಿ ಹೇಳಿಕೊಡಬೇಕಿತ್ತು. ನಾವು ಅಳೀಬೇಕಾಗಿರೋದು ಔಷಧಿಯ ಜೋರು. ಈಗ ಅಳೀತಿರೋದು ನಿಮ್ಮ ಬಾಯಿಯ ಜೋರು.”

“ಒಳ್ಳೇದೇ ಆಯ್ತಲ್ಲ ಮೇಡಂ, ನಡೆದ್ರಲ್ಲ.”

“ಔಷಧಿ ತಗೊಂಡೋರೂ ನಡೆದ್ರು, ತಗೊಳ್ಳದೋರೂ ನಡೆದ್ರು. ಹಾಗಾದ್ರೆ ಔಷಧಿ ಯಾಕೆ ಅಂತ ಕೇಳ್ತಾರೆ. ಅದು ನಿಜವಾಗಿ ಕೆಲಸ ಮಾಡ್ತಿದ್ರೂ ಕಸದಬುಟ್ಟಿಗೆ ಹೋಗತ್ತೆ. ನಾಳೆ ಇನ್ನೆಲ್ಲೋ ಸಿಲಿಂಡರ್ ಒಡೆದ್ರೆ ಅವರಿಗೆ ಕೊಡೋಕೆ ಏನೂ ಇರಲ್ಲ.”

ಅಂದಿನಿಂದ ಟೀಚರ್ ಕುರ್ಚಿ ಬಿಟ್ಟು ಏಳುವಂತಿಲ್ಲ. ನಿಮಿಷಕ್ಕೊಂದು ಸಲ ಒಂದೇ ದನಿಯಲ್ಲಿ ಒಂದೇ ಮಾತು: ಚೆನ್ನಾಗಿ ನಡೆಯುತ್ತಿದ್ದೀರಿ, ಇನ್ನು ಇಷ್ಟು ನಿಮಿಷ ಇದೆ. ನಿಂತರೆ: ಬೇಕಾದರೆ ಗೋಡೆಗೆ ಒರಗಿ, ಆದಾಗ ನಡೆಯಿರಿ. ಬೇರೆ ತುಟಿಪಿಟಕ್ ಅನ್ನುವ ಹಾಗಿಲ್ಲ.

ಗಂಟೆಯಣ್ಣನ ಕೊನೆಯ ನಡಿಗೆಯ ದಿನ ಮಗಳು ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ನಡಿಗೆಯ ಹೊತ್ತಿನಲ್ಲಿ ಮನೆಯವರು ಬಾಗಿಲಾಚೆ ಇರಬೇಕು. ಹೋಗುವ ಮುಂಚೆ ಅವಳು ಟೀಚರ್ ಕೈ ಹಿಡಿದುಕೊಂಡಳು. “ನೀವಿದ್ದೀರಲ್ಲ ಟೀಚರ್, ನನಗೆ ಧೈರ್ಯ.”

ಅವನು ಹೊರಟ. ಮೊದಲ ಕೋನ್ ಸುತ್ತುವಾಗ ತಿರುಗಿ ನೋಡಿದ. “ಏನು ಟೀಚರಮ್ಮ, ಇವತ್ತು ಬಾಯಿಗೆ ಬೀಗಾನಾ?”

“ಚೆನ್ನಾಗಿ ನಡೆಯುತ್ತಿದ್ದೀರಿ. ಇನ್ನು ಐದು ನಿಮಿಷ ಇದೆ.”

“ಅಯ್ಯೋ, ರೈಲ್ವೆ ಸ್ಟೇಷನ್ ಮೈಕಿನ ಥರ ಮಾತಾಡ್ತೀರಲ್ಲ!”

ಆಕೆ ನಗಲೂ ಇಲ್ಲ. ನಗುವುದೂ ನಿಯಮಕ್ಕೆ ಹೊರಗೇ ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ಎರಡನೆಯ ಸುತ್ತಿಗೆ ಅವನ ಮಾತು ನಿಂತಿತು. ಮೂರನೆಯದಕ್ಕೆ ಉಸಿರು ಸಿಳ್ಳೆ ಹಾಕತೊಡಗಿತು. ಭುಜಗಳು ಕಿವಿಯವರೆಗೆ ಏರಿ ಇಳಿಯುತ್ತಿದ್ದವು. ಪ್ರತಿ ಸಲ ಕುರ್ಚಿ ದಾಟುವಾಗಲೂ ಆಕೆಯ ಮುಖ ನೋಡಿದ. ಏನಾದರೂ ಅನ್ನಲಿ ಎಂದು ಕಾಯುವ ನೋಟ. ಕಾರಿಡಾರಿನ ನಡುವೆ ನಿಂತ. ಗೋಡೆಗೆ ಅಂಗೈ ಊರಿದ.

ಗಂಟೆಯಣ್ಣ, ನಾಚಿಕೆ ಆಗ್ಬೇಕು ಅಂದಿದ್ದರೆ ಸಾಕಿತ್ತು. ಕಾರಿಡಾರಿನಲ್ಲಿ ಬೇರೆ ಯಾರೂ ಇರಲಿಲ್ಲ.

“ಬೇಕಾದರೆ ಗೋಡೆಗೆ ಒರಗಿ. ಆದಾಗ ನಡೆಯಿರಿ.”

ಗಡಿಯಾರ ಓಡುತ್ತಲೇ ಇತ್ತು. ಅವನು ಮತ್ತೆ ಹೊರಟ, ಈ ಸಲ ಕಾಲು ಎಳೆದುಕೊಂಡು. ಸಮಯ ಮುಗಿಯಿತು. “ನಿಲ್ಲಿ” ಎಂದು ಆಕೆ ಕುರ್ಚಿಯಿಂದ ಎದ್ದು, ಅವನ ಪಾದದ ಹತ್ತಿರ ಮಂಡಿಯೂರಿ ಕೂತರು. ಅಳತೆ ಪಟ್ಟಿ ಬಿಚ್ಚುವಷ್ಟರಲ್ಲಿ ಅವನ ಬಲಗಾಲು ಮೆಲ್ಲಗೆ ಮುಂದೆ ಸರಿಯಿತು.

“ಕಾಲು ಹಿಂದೆ, ಗಂಟೆಯಣ್ಣ.”

ಶಾಲೆಯ ಹುಡುಗನ ಹಾಗೆ ಅವನು ಕಾಲು ಹಿಂದೆ ತಂದ.

ಕುರ್ಚಿಯಲ್ಲಿ ಕೂರಿಸಿ ಆಮ್ಲಜನಕದ ಕೊಳವೆ ಹಾಕಿದರು. ಅವನಿಗೆ ಮಾತು ಹೊರಡಲು ತುಂಬ ಹೊತ್ತು ಹಿಡಿಯಿತು.

“ದೂರ ಸಾಕಾಯ್ತಾ?”

“ಇಲ್ಲ.”

“ಎಷ್ಟು?”

“ಮೊದಲ ಸಲಕ್ಕಿಂತ ಏಳು ಮೀಟರ್ ಕಮ್ಮಿ.”

“ಏಳು!” ಅವನು ನೆಲದ ಟೇಪುಗಳನ್ನು ನೋಡಿದ. “ಒಂದು ಸಲ ಬೈದಿದ್ರೆ ನಡೆದುಬಿಡ್ತಿದ್ದೆ ಟೀಚರಮ್ಮ.”

“ಗೊತ್ತು.”

ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ದನಿ ತಗ್ಗಿಸಿ, “ಮಗಳಿಗೆ ಹೇಳ್ಬೇಡಿ. ನನ್ನ ಕೈಲೇ ಆಗಲಿಲ್ಲ ಅಂತ ಹೇಳಿ. ಅವಳಿಗೆ ನಿಮ್ಮ ಮೇಲೆ ತುಂಬ...” ಎಂದ. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

ಬಾಗಿಲು ತೆರೆದಾಗ ಮಗಳು ಗಾಲಿಕುರ್ಚಿ ಹಿಡಿದು ನಿಂತಿದ್ದಳು. ಅಪ್ಪನ ಮುಖ ನೋಡಿಯೇ ಅವಳಿಗೆ ತಿಳಿಯಿತು.

“ಏನಾಯ್ತು ಟೀಚರ್? ಹೋದ ಸಲ ಅಷ್ಟು ನಡೆದಿದ್ರು.”

“ಹೋದ ಸಲ ನಾನು ಜೊತೆಗೆ ನಡೆದಿದ್ದೆ ಕಣಮ್ಮ, ಬೈದಿದ್ದೆ. ಈ ಸಲ ಬಾಯಿ ಬಿಡಲಿಲ್ಲ. ಬಿಡೋ ಹಾಗಿರಲಿಲ್ಲ.”

“ಬಿಟ್ಟಿದ್ರೆ?”

“ಮೊದಲ ಸಲದ ಗೆರೆ ದಾಟ್ತಿದ್ರು ಅನ್ಸತ್ತೆ.”

ಮಗಳು ಅಪ್ಪನನ್ನು ಗಾಲಿಕುರ್ಚಿಗೆ ದಾಟಿಸಿ, ಅವನ ಮೊಣಕಾಲ ಮೇಲೆ ಶಾಲು ಸರಿಮಾಡಿದಳು. ಆರು ತಿಂಗಳಿಂದ ಈ ಮಹಡಿಗೆ ಬಂದುಹೋಗುತ್ತಿದ್ದವಳು, ಕುರ್ಚಿ ತಿರುಗಿಸಿಕೊಂಡು, ಗುರುತಿಲ್ಲದವರನ್ನು ಕೇಳುವ ಹಾಗೆ ಕೇಳಿದಳು:

“ಲಿಫ್ಟ್ ಯಾವ ಕಡೆ?”

ಟೀಚರ್ ಕೈ ತೋರಿಸಿದರು.