ಮೀಸೆ ಮೀನಿನ ಗಾಳಿ ಮೋಟಾರು

ಬೂದುಗುಂಬಳ ಒಡೆದ ಹಸಿ ವಾಸನೆಗೆ ಸಾಂಬ್ರಾಣಿ ಹೊಗೆ ಸೇರಿದರೆ ಸಾಕು, ಹೊಸೂರಿನ ಅವಲಪಲ್ಲಿಯ ನಮ್ಮ ಮನೆ ಓನರ್ ನೆನಪಾಗ್ತಾರೆ. ಅಣ್ಣ ಅಂತಲೇ ಕರೀತಿದ್ದೆ. ಎಂಬತ್ತರ ದಶಕ. ಕೋಲಾರದ ಕಡೆಯಿಂದ ಹೊಸೂರಿನ ಫ್ಯಾಕ್ಟರಿಗೆ ಬಂದವನು ಅವರ ಮನೆ ಹಿಂದಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರೂ ಅದೇ ಫ್ಯಾಕ್ಟರಿಯಲ್ಲಿ ಲೇತ್ ಓಡಿಸೋರು.

ಅವರಿಗೆ ಮೀನಿನ ಹುಚ್ಚು. ಅದೂ ಎಲ್ಲರ ಮನೇಲಿರೋ ಬಂಗಾರದ ಮೀನಲ್ಲ. ಗಾಜಿಗೆ ಬಾಯಿ ಕಚ್ಚಿ ಪಾಚಿ ತಿನ್ನೋ, ಮೂತಿ ತುಂಬ ಕವಲು ಮೀಸೆಯ ಬ್ರಿಸಲ್‌ನೋಸ್. ಅದರಲ್ಲೂ ಅಪರೂಪದ ಹಳದಿ ಮೈಯದು. ಆರಿಸೋಕೆ ಬೆಂಗಳೂರಿಗೆ ನನ್ನನ್ನೂ ಕರ್ಕೊಂಡು ಹೋಗಿದ್ರು. ಅಂಗಡಿಯವನಿಗೆ ಬೇಸರ ಬರೋವರೆಗೂ ಗಾಜಿನ ತೊಟ್ಟಿ ಮುಂದೆ ಕುಕ್ಕರುಗಾಲಲ್ಲಿ ಕೂತು, "ಹೊಟ್ಟೆ ಒಳಕ್ಕೋಗಿರೋದು ಬ್ಯಾಡ. ಮೀಸೆ ಜೋರಾಗಿರೋದೇ ಗಂಡು, ಅದ್ನ ತೋರ್ಸು ಲಾ," ಅಂದ್ರು.

"ನಿಮ್ದಕ್ಕಿಂತ ಜೋರಾಗೇ ಅದೆ ಅಣ್ಣ," ಅಂದೆ. ಮೀಸೆ ತಿರುವಿಕೊಂಡು ನಕ್ಕು, ಆ ಗಂಡಿನ ಜೊತೆಗೆ ಮೂರ್ನಾಲ್ಕು ಹೆಣ್ಣನ್ನೂ ಕೊಂಡರು.

ಎಷ್ಟೋ ತಿಂಗಳಾದ ಮೇಲೆ ಒಂದು ಹೆಣ್ಣು, ತೊಟ್ಟಿಯಲ್ಲಿಟ್ಟಿದ್ದ ಮಣ್ಣಿನ ಕೊಳವೆಯೊಳಗೆ ಕಿತ್ತಳೆ ಬಣ್ಣದ ಮೊಟ್ಟೆ ಇಟ್ಟಿತು. ಗಂಡು ಮೇವು ಬಿಟ್ಟು, ಕೊಳವೆ ಬಾಯಲ್ಲಿ ರೆಕ್ಕೆ ಬೀಸ್ತಾ ಕಾವಲಿಗೆ ಕೂತಿತು. ಅಣ್ಣ ಫ್ಯಾಕ್ಟರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಮರಿ ಕೊಡ್ತೀನಿ ಅಂದುಬಿಟ್ಟಿದ್ರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಫ್ಯಾಕ್ಟರಿಯ ಮಿಷನ್ನುಗಳನ್ನೆಲ್ಲ ತೊಳೆದು, ಕುಂಕುಮ ಇಟ್ಟು, ನಿಲ್ಲಿಸಿ ಬಂದ್ವಿ. ಪೂಜೆಯಾದ ಯಂತ್ರ ಮಾರನೇ ದಿನದವರೆಗೆ ಓಡಬಾರದು. ಅಣ್ಣ ಮನೆಯಲ್ಲಿ ಸೈಕಲ್ಲು, ಸ್ಪ್ಯಾನರು, ಕೊನೆಗೆ ಮೀನಿನ ತೊಟ್ಟಿಗೆ ಗಾಳಿ ಊದೋ ಪುಟ್ಟ ಮೋಟಾರಿಗೂ ಚೆಂಡುಹೂ ಏರಿಸಿ, ಸ್ವಿಚ್ ಆರಿಸಿದ್ರು.

"ಏನ್ರೀ, ಅದು ಮಿಷನ್ನಾ? ಅವುಗಳ ಉಸ್ರು ಕಣ್ರೀ," ಅಂದ್ರು ಅವರ ಹೆಂಡತಿ, ನಮ್ಮತ್ತಿಗೆ.

"ಅಷ್ಟು ದೊಡ್ಡ ಕಾರ್ಖಾನೇನೇ ಮಲ್ಕೊಂಡದೆ, ಇದ್ಯಾವ ಲೆಕ್ಕ, ಸುಮ್ಕಿರು. ಏನ್ಲಾ?"

"ಹೌದಣ್ಣ," ಅಂದೆ. ಆ ಮೋಟಾರಿಗೆ ಕೈಯನ್ನೂ ಮುಗಿದೆ.

ಬೆಳಗ್ಗೆ ನೋಡಿದರೆ, ಉಸಿರಿಗಾಗಿ ಮೇಲೆ ಬಂದ ಮೀನುಗಳೆಲ್ಲ ಹಾಗೇ ತೇಲ್ತಿದ್ವು. ಮೀಸೆಯ ಗಂಡು ಮಾತ್ರ ಕೊಳವೆ ಬಾಯಲ್ಲೇ, ರೆಕ್ಕೆ ಅಗಲಿಸಿಕೊಂಡೇ ಸತ್ತಿತ್ತು. ಅದರ ಬೆನ್ನ ಹಿಂದೆ ಮೊಟ್ಟೆಗಳು ಬೆಳ್ಳಗಾಗಿದ್ವು.

ಮರಿ ಕೇಳಿಕೊಂಡು ಬಂದವರಿಗೆ ಅಣ್ಣ, "ಕರೆಂಟ್ ಹೋಗ್ಬುಡ್ತು ಕಣ್ರಪ್ಪ," ಅಂದು ನನ್ನ ಕಡೆ ನೋಡಿದ್ರು. ನಾನು ತಲೆ ಆಡಿಸಿದೆ. ಬಾಗಿಲ ಹಿಂದಿದ್ದ ಅತ್ತಿಗೆ ಒಳಗೆ ಹೋದ್ರು. ಆಮೇಲೆ ನಾನೂ ಅಣ್ಣನೂ ನಲ್ಲಿ ಹತ್ತಿರ ಎದುರಾದರೆ ನೆಲ ನೋಡಿಕೊಂಡು ಸರೀತಿದ್ವಿ. ಖಾಲಿ ತೊಟ್ಟಿಯಲ್ಲಿ ಅತ್ತಿಗೆ ಈರುಳ್ಳಿ ತುಂಬಿಟ್ಟರು.

ಈ ಸಲದ ಆಯುಧಪೂಜೆಗೆ ನಮ್ಮ ಫ್ರಿಜ್ಜಿಗೂ ಕುಂಕುಮ ಇಟ್ಟೆ. ಅದು ಗುರ್ ಅಂತ ಓಡ್ತಾನೇ ಇತ್ತು. ಆರಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ನನಗೂ... ಅಣ್ಣ ಹೋದರು, ಅತ್ತಿಗೆಯೂ ಹೋದರು. ಆವತ್ತು ಕರೆಂಟ್ ಹೋಗಿರಲಿಲ್ಲ ಅಂತ ಗೊತ್ತಿರೋನು ಈಗ ನಾನೊಬ್ಬನೇ.