ಚಂದ್ರಂಪಳ್ಳಿಯ ಮೆಟ್ಟಿಲಿಗೆ ನಮ್ಮ ಶಹಾಬಾದಿನ ದೋಣಿ

ಬೆಳಿಗ್ಗೆ ಬಿಸಿಲೇರುವ ಮೊದಲೇ ಶಹಾಬಾದಿನ ನಮ್ಮ ವೆಲ್ಡಿಂಗ್ ಅಂಗಡಿಯಿಂದ ಲಾರಿ ಹೊರಟಿತು. ಮೇಲೆ ಐದು ಮೀಟರ್ ಉದ್ದ, ಎರಡು ಮೀಟರ್ ಅಗಲದ ಕಬ್ಬಿಣದ ಮೋಟಾರು ದೋಣಿ, ಅದರ ಹೊಟ್ಟೆಯಲ್ಲಿ ನೆಲಕ್ಕೆ ಹಾಸುವ ಮೂವತ್ತಾರು ಫರಸಿ ಕಲ್ಲು. ಇಷ್ಟು ವರ್ಷ ಟ್ರ್ಯಾಕ್ಟರ್ ಟ್ರಾಲಿ, ಕಿಟಕಿ ಗ್ರಿಲ್ಲು ಮಾಡಿಕೊಂಡಿದ್ದ ನಾವು ಮಾಡಿದ ಮೊದಲ ದೋಣಿಯಿದು. ಬೆಸುಗೆ ನನ್ನ ಗಂಡ ಬಸವರಾಜ ಅವರದು, ಲೆಕ್ಕ ನನ್ನದು. ಹೆಮ್ಮೆಯನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಲಾರಿಯ ಮುಂದಿನ ಸೀಟಿನಲ್ಲಿ ಎದೆಯೆತ್ತಿಯೇ ಕೂತಿದ್ದೆ.

ಚಂದ್ರಂಪಳ್ಳಿ ಜಲಾಶಯದಲ್ಲಿ ದೋಣಿ ನಡೆಸುವ ಸಂಘದವರ ಷರತ್ತು ಒಂದೇ. ಬೇಸಿಗೆಯಲ್ಲಿ ನೀರು ತಗ್ಗಿದಾಗಲೂ ದೋಣಿ ಹನ್ನೆರಡು ಜನರನ್ನು ಹೊತ್ತು ಮೆಟ್ಟಿಲ ತನಕ ಬರಬೇಕು. ನಡುವೆ ಕೆಸರಿನಲ್ಲಿ ಕೂತರೆ ದೋಣಿ ವಾಪಸು; ಅವರು ಹೈದರಾಬಾದಿನಿಂದ ಬೇರೆ ತರಿಸಿಕೊಳ್ಳುತ್ತಾರೆ. ಟ್ರಾಲಿ ಮಾಡುವವರಿಗೆ ದೋಣಿಯ ಉಸಾಬರಿ ಯಾಕೆ ಎಂದು ಬಜಾರಿನಲ್ಲಿ ಆಗಲೇ ನಗಾಡಿದ್ದರು. ವಾಪಸು ತಂದರೆ ಆ ನಗುವಿನ ನಡುವೆಯೇ ಇಳಿಸಬೇಕಾಗಿತ್ತು.

ವಾಡಿಯ ಸಿಮೆಂಟಿನ ಧೂಳು ದಾಟಿ ಚಿತ್ತಾಪುರದಲ್ಲಿ ಚುರುಮುರಿ ಸುಸಲಾ, ಮಿರ್ಚಿ ಭಜಿ ತಿಂದೆವು. ಹೋಟೆಲಿನ ಮಾಲೀಕ ಹೊರಗೆ ಬಂದು ಲಾರಿಯನ್ನು ಸುತ್ತು ಹಾಕಿದ.

"ನಮ್ಮ ಕಡಿ ಕುಡೀಲಿಕ್ಕೇ ನೀರಿಲ್ಲ. ದೋಣಿ ಎಲ್ಲಿಗ್ರಿ?"

"ನೀರಿದ್ದಲ್ಲಿಗೇ ಹೊಂಟೀವ್ರಿ," ಎಂದೆ.

ಸೇಡಂ ದಾಟಿದ ಮೇಲೆ ಬಸವರಾಜ ಅವರಿಗೆ ಅಳುಕು ಶುರುವಾಯಿತು. "ಮತ್ತೊಮ್ಮೆ ಹೇಳು, ಎಷ್ಟು ಮುಳಗ್ತದ?"

ತೊಗರಿ ಚೀಲದ ಲೆಕ್ಕದಲ್ಲೇ ಹೇಳಿದೆ. ದೋಣಿಯ ತಳ ಹತ್ತು ಚದರ ಮೀಟರ್. ಒಂದು ಕ್ವಿಂಟಲ್ ಚೀಲ ಇಟ್ಟರೆ ಅದು ನೀರಿನಲ್ಲಿ ಒಂದು ಸೆಂಟಿಮೀಟರ್ ಇಳಿಯುತ್ತದೆ. ದೋಣಿ, ಮೋಟಾರು ಸೇರಿ ಎಂಟು ಕ್ವಿಂಟಲ್, ಹನ್ನೆರಡು ಜನ ಅಂದರೆ ಒಂಬತ್ತು. ಮೂತಿ ಮೇಲಕ್ಕೆ ಬಾಗಿರುವುದಕ್ಕೆ ಇನ್ನೊಂದು ಸೇರಿಸಿದರೆ ಹದಿನೆಂಟು ಸೆಂಟಿಮೀಟರ್. ದಡದ ಹತ್ತಿರ ಮೋಟಾರನ್ನು ಮೇಲಕ್ಕೆತ್ತಿಬಿಟ್ಟರೆ ಅದರ ರೆಕ್ಕೆಯ ಆಳ ಲೆಕ್ಕಕ್ಕೆ ಬರುವುದಿಲ್ಲ. ಮೆಟ್ಟಿಲ ಬುಡದಲ್ಲಿ ಮೂವತ್ತು ಸೆಂಟಿಮೀಟರ್ ನೀರಿದೆ ಎಂದು ಸಂಘದವರೇ ಅಳೆದು ಹೇಳಿದ್ದರು.

ಚಿಂಚೋಳಿ ದಾಟಿ ಜಲಾಶಯ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಸುತ್ತಲೂ ಕುರುಚಲು ಕಾಡು, ನಡುವೆ ತಗ್ಗಿದ ನೀರು. ಸಂಘದ ಕಾರ್ಯದರ್ಶಿ ತಿಪ್ಪಣ್ಣ ಮೊದಲು ಊಟಕ್ಕೆ ಕೂಡಿಸಿದರು. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ. ಉಂಡ ಮೇಲೆ ದೋಣಿ ನೀರಿಗಿಳಿಯಿತು. ನಮ್ಮೂರಿನವರಿಗೆ ಫರಸಿಯ ತೂಕ ಹೇಳಿಕೊಡಬೇಕಿಲ್ಲ. ಒಬ್ಬ ಮನುಷ್ಯನ ತೂಕಕ್ಕೆ ಮೂರು ಕಲ್ಲಿನಂತೆ ಸೀಟಿನ ಮೇಲೆಲ್ಲ ಜೋಡಿಸಿದೆವು. ಹೊರಗೆ ಬಳಿದ ಅಳತೆ ಗೆರೆಯಲ್ಲಿ ನೀರು ಸರಿಯಾಗಿ ಹದಿನೆಂಟಕ್ಕೆ ನಿಂತಿತು. ದೋಣಿ ಬೆಣ್ಣೆಯಂತೆ ಮೆಟ್ಟಿಲಿಗೆ ಬಂದು ತಾಗಿತು. ಬಸವರಾಜ ಮೀಸೆ ತಿರುವಿದರು.

ಆಮೇಲೆ ಕಲ್ಲು ತೆಗೆದು ಜನರನ್ನು ಹತ್ತಿಸಿದರು. ದೋಣಿ ಒಂದು ಸುತ್ತು ಚೆನ್ನಾಗಿಯೇ ಹೋಗಿಬಂತು. ಮೆಟ್ಟಿಲು ಇನ್ನೂ ನಾಲ್ಕು ಮಾರು ದೂರವಿದೆ ಎನ್ನುವಾಗ, ಸೇಡಂ ಬಸ್ ಸ್ಟ್ಯಾಂಡ್ ಬಂತೆಂಬಂತೆ ಹನ್ನೆರಡು ಜನರೂ ಎದ್ದರು! ಚೀಲ ಹೆಗಲಿಗೇರಿಸಿ ಮೂತಿಯ ಕಡೆಯ ಬಾಗಿಲಿಗೆ ನುಗ್ಗಿದರು. ಮೂತಿ ಗಪ್ಪನೆ ತಗ್ಗಿ ಕೆಸರು ಕಚ್ಚಿತು. ಎಲ್ಲರೂ ಮೊಣಕಾಲುದ್ದ ಕೆಸರಿಗಿಳಿದು ನಡೆದರು.

"ಅಕ್ಕಾರ, ನಿಮ್ಮ ಲೆಕ್ಕ ಕೆಸರಾಗ ಕುಂತದ ನೋಡ್ರಿ," ಎಂದರು ತಿಪ್ಪಣ್ಣ.

"ನಾಳಿ ಮಧ್ಯಾಹ್ನದ ತನ ಟೈಮ್ ಕೊಡ್ರಿ. ಆಮೇಲೂ ಕುಂತರ ನಾವೇ ಒಯ್ತೀವಿ," ಎಂದೆ. ಅವರು ಒಪ್ಪಿದರು.

ಆ ರಾತ್ರಿ ಚಂದಾಪುರದ ಲಾಡ್ಜಿನಲ್ಲಿ ಉಳಿದೆವು. ನನಗೆ ಸಿಟ್ಟು ಬಂದಿತ್ತು, ಅದೂ ನನ್ನ ಮೇಲೆಯೇ. ಕಲ್ಲು ಇಟ್ಟಲ್ಲೇ ಕೂರುತ್ತದೆ, ನಮ್ಮ ಜನ ಕೂರುತ್ತಾರೆಯೇ? ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಜೋತುಬೀಳುವುದನ್ನು ಹುಟ್ಟಿದಾಗಿನಿಂದ ನೋಡಿದವಳು, ಲೆಕ್ಕ ಮಾಡುವಾಗ ಅದನ್ನೇ ಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ದೋಣಿಯನ್ನು ಆಳದ ನೀರಿಗೆ ಒಯ್ದು ಎಲ್ಲ ಕಲ್ಲನ್ನೂ ಮೂತಿಗೆ ಸಾಗಿಸಿ ನೋಡಿದೆ. ಮೂತಿಯ ಗೆರೆ ಮೂವತ್ಮೂರಕ್ಕೆ ಇಳಿಯಿತು. ಮೆಟ್ಟಿಲ ಬುಡದಲ್ಲಿದ್ದ ನೀರೇ ಮೂವತ್ತು. ಬಾಗಿಲು ನಡುವಿಗೆ ಬಂದರೆ ನುಗ್ಗುವ ಜನವೂ ನಡುವಿಗೇ ಬರುತ್ತಾರೆ.

"ಮುಂದಿನ ಬಾಗಲ ಮುಚ್ಚಿಬಿಡ್ರಿ. ನಡುವ, ಪಕ್ಕದ ಕಂಬಿ ಕತ್ತರಿಸ್ರಿ. ದೋಣಿ ಮೂತಿ ಮುಂದಾಗಿ ಬರೋದು ಬ್ಯಾಡ, ಮೆಟ್ಟಲಿಗೆ ಮಗ್ಗಲಾಗಿ ಬರ್ಲಿ," ಎಂದೆ.

"ಪೇಂಟ್ ಆರಿಲ್ಲ ಇನ್ನ, ಅದನ್ನ ಕತ್ತರಿಸು ಅಂತಿ!" ಎಂದು ಬಸವರಾಜ ಗೊಣಗಿದರು. ಆದರೆ ಗ್ರೈಂಡರು ಹಿಡಿದ ಮೇಲೆ ಅವರ ಕೈಯನ್ನು ನೋಡಬೇಕು. ಊಟದ ಹೊತ್ತಿಗೆ ಹೊಸ ಬಾಗಿಲು, ಅಂಚು ತೀಡಿ, ಕೀಲು ಕೂಡಿಸಿ ತಯಾರಾಗಿತ್ತು. ಜನ ಒಟ್ಟಿಗೆ ನುಗ್ಗಿದಂತೆ ಅಷ್ಟೂ ಕಲ್ಲನ್ನು ಆ ಬಾಗಿಲ ಬಳಿ ಪೇರಿಸಿದೆ. ಆ ಮಗ್ಗಲು ಇಪ್ಪತ್ತಾರಕ್ಕೆ ಇಳಿದು ನಿಂತಿತು. ತಳಕ್ಕೂ ಕೆಸರಿಗೂ ನಡುವೆ ನಾಲ್ಕು ಸೆಂಟಿಮೀಟರ್ ನೀರು ಉಳಿಯಿತು.

ಈ ಸಲ ಹನ್ನೊಂದು ಜನರ ಜೊತೆ ನಾನೂ ಹತ್ತಿದೆ. ತಿಪ್ಪಣ್ಣನವರ ತಾಯಿ ನನ್ನ ಪಕ್ಕ ಕೂತು ಕೈ ಗಟ್ಟಿಯಾಗಿ ಹಿಡಿದುಕೊಂಡರು. ಮೆಟ್ಟಿಲು ಹತ್ತಿರವಾಯಿತು, ಎಲ್ಲರೂ ಎದ್ದರು, ನುಗ್ಗಿದರು. ದೋಣಿ ಸ್ವಲ್ಪ ವಾಲಿತು. ನಾನು ತಳ ಉಜ್ಜುವ ಸದ್ದಿಗೆ ಕಾದೆ. ಸದ್ದೇ ಇಲ್ಲ. ಮಗ್ಗಲು ಕಲ್ಲಿಗೆ ಮೆಲ್ಲಗೆ ತಾಗಿತು.

ಮುದುಕಿ ಇಳಿದು ಸೀರೆಯ ಅಂಚು ಮುಟ್ಟಿ ನೋಡಿಕೊಂಡರು. "ಒಂದು ಹನಿ ಹತ್ತಿಲ್ಲ ನೋಡವ್ವ!"

"ಅಕ್ಕಾರ, ದೋಣಿ ಇಲ್ಲೇ ಇರ್ಲಿ. ಮಳಿಗಾಲದ ಮುಂದ ಇನ್ನೊಂದು ಮಾಡಿಕೊಡ್ರಿ," ಎಂದರು ತಿಪ್ಪಣ್ಣ. ನನ್ನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಖಾಲಿ ಲಾರಿ ಜಲಾಶಯದ ಏರಿ ಹತ್ತುವಾಗ ಹಿಂತಿರುಗಿ ನೋಡಿದೆವು. ದೋಣಿ ಆಗಲೇ ಮುಂದಿನ ಗುಂಪನ್ನು ಹೊತ್ತು ಹೊರಟಿತ್ತು. ಬಸವರಾಜ ನಗಲಾರಂಭಿಸಿದರು.

"ಎಲ್ಲಾರಕಿಂತ ಮೊದಲ ಎದ್ದು ಬಾಗಲಕ್ಕ ನುಗ್ಗಿದಾಕಿ ಯಾರು, ಗೊತ್ತದ ಏನು? ನೀನೇ!"

"ಗೊತ್ತದ," ಎಂದೆ. "ಈ ಸಲ ನನ್ನನ್ನೂ ಸೇರಿಸೇ ಲೆಕ್ಕ ಮಾಡಿದ್ದೆ."