ಮಂಜನ ಪೆಡಲಿನ ಬ್ಯಾಟರಿ

ಚಂದ್ರಣ್ಣ, ಮಲೆಬೆನ್ನೂರಿನ ಆ ಮದುವೆಯಲ್ಲಿ ಮಂಜನ ಗಿಟಾರ್ ಪೆಡಲಿನಿಂದ ಹೊಸ ಬ್ಯಾಟರಿ ತೆಗೆದುಕೊಂಡು, ಸಾಯಲು ಬಿದ್ದಿದ್ದ ನನ್ನ ಬ್ಯಾಟರಿಯನ್ನು ಅದರೊಳಗೆ ಇಟ್ಟವನು ನಾನು. ಹದಿನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿಮ್ಮ ಮನೆಗೆ ಬಂದು ಹೋಗಿ ಮಾಡಿದ್ದೇನೆ. ಇನ್ನು ನನ್ನಿಂದ ಆಗುವುದಿಲ್ಲ.

ಎಲ್ಲಿಂದ ಹೇಳಲಿ — ನಿಮಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ, ಗೊತ್ತಿಲ್ಲದ್ದಕ್ಕೆ ಬಾಯಿ ಬರಲಿ. ನಮ್ಮ ಆರ್ಕೆಸ್ಟ್ರಾದಲ್ಲಿ ಮಂಜ ಲೀಡ್ ಗಿಟಾರ್, ನಾನು ರಿದಮ್. ಹಗಲೆಲ್ಲ ಮಂಡಿಪೇಟೆಯ ನಮ್ಮ ಬೇಳೆ ಅಂಗಡಿಯಲ್ಲಿ ಕೂತು ಸಂಜೆ ಗಿಟಾರ್ ಹೊತ್ತು ಓಡುತ್ತಿದ್ದ ನನ್ನನ್ನು ನೀವು 'ಬೇಳೆ ಸಾವ್ಕಾರ' ಎಂದು ಕಾಡಿಸುತ್ತಿದ್ದಿರಿ. ನೀವೋ, ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್; ಪಾಳಿ ಮುಗಿಸಿ ಹರಿಹರದ ಮನೆಗೆ ಬಂದವರೇ ನಮಗಾಗಿ ಪೆಡಲ್ ಕಟ್ಟಲು ಕೂರುತ್ತಿದ್ದಿರಿ. ಕಾಲಲ್ಲಿ ಒತ್ತಿದರೆ ಗಿಟಾರಿನ ಸಣ್ಣ ದನಿಯನ್ನು ಗುಡುಗಿಸುವ ತಗಡಿನ ಡಬ್ಬಿಗಳು. ಕರೆಂಟಿಗೆ ಸಿಕ್ಕಿಸಿದರೆ ಮದುವೆ ಮನೆಯ ಜನರೇಟರಿನ ಗುಂಯ್ ಸದ್ದು ಹಾಡಿನ ಉದ್ದಕ್ಕೂ ಬರುತ್ತದೆ, ಅದಕ್ಕೇ ಬ್ಯಾಟರಿಯೇ ಮೇಲು ಎನ್ನುತ್ತಿದ್ದಿರಿ.

ಆ ಮುಚ್ಚಳ ನಿಮ್ಮ ಹೆಮ್ಮೆ. ಅಂಗಡಿಯಿಂದ ತಂದ ಪೆಡಲಾದರೆ ಡಬ್ಬಿ ಬೋರಲು ಹಾಕಿ ನಾಲ್ಕು ಸ್ಕ್ರೂ ಬಿಚ್ಚಬೇಕಿತ್ತು. ನಿಮ್ಮದರಲ್ಲಿ ಪಕ್ಕದ ಪುಟ್ಟ ಮುಚ್ಚಳವನ್ನು ಹೆಬ್ಬೆರಳಲ್ಲಿ ಸರಿಸಿದರೆ ಸಾಕು, ಬ್ಯಾಟರಿ ಕೈಗೆ ಬರುತ್ತಿತ್ತು. "ಪಲ್ಲವಿ ಮುಗದು ಚರಣ ಬರೋದ್ರಾಗ ಬದ್ಲಿ ಮಾಡಬೌದು ನೋಡ್ರಲೇ" ಎನ್ನುತ್ತ, ಮಗುವಿಗೆ ಹಲ್ಲು ಬಂದದ್ದನ್ನು ತೋರಿಸುವ ಅಪ್ಪನಂತೆ ಎಲ್ಲರಿಗೂ ತೋರಿಸುತ್ತಿದ್ದಿರಿ. ಜೊತೆಗೆ ಒಂದೇ ಒಂದು ತಾಕೀತು: "ಬಾರಿಸಿದ ಮ್ಯಾಲೆ ಗಿಟಾರ್ ವೈರ್ ಕಿತ್ತಿಡ್ರಿ. ಚುಚ್ಚಿದಂಗೇ ಬಿಟ್ರ ಬ್ಯಾಟರಿ ಸುಮ್ಮನೆ ಸೋರ್ತಿರ್ತೈತೆ."

ನಾನು ಕೀಳಲಿಲ್ಲ. ಹಿಂದಿನ ಕಾರ್ಯಕ್ರಮ ಮುಗಿದ ಮೇಲೆ ವೈರ್ ಚುಚ್ಚಿದ ಪೆಡಲನ್ನು ಹಾಗೆಯೇ ಚೀಲಕ್ಕೆ ತುರುಕಿ ಎಂಟು ದಿನ ಮರೆತಿದ್ದೆ. ಮಲೆಬೆನ್ನೂರಿನಲ್ಲಿ ನೀವು ಮಂಜನ ಪೆಡಲಿಗೆ ಹೊಸ ಬ್ಯಾಟರಿ ಹಾಕಿ ನನ್ನ ಕಡೆ ತಿರುಗಿದಿರಿ. "ನಿಂದು ಹೆಂಗೈತೆ?"

"ಚಲೋ ಐತಣ್ಣ, ಮೊನ್ನೆನೇ ಹಾಕೀನಿ."

ಒಂದು ಬೈಗುಳ ತಪ್ಪಿಸಿಕೊಳ್ಳಲು ಆಡಿದ ಸುಳ್ಳು. ನಿಜ ಹೇಳಿದ್ದರೆ ಎಲ್ಲರೆದುರು ನಾಲ್ಕು ಮಾತು ಬೈದು, ಜೇಬಿನಿಂದ ಇನ್ನೊಂದು ಬ್ಯಾಟರಿ ತೆಗೆದುಕೊಡುತ್ತಿದ್ದಿರಿ; ಅದೂ ನನಗೆ ಗೊತ್ತಿತ್ತು.

ಮಂಜ ಊಟಕ್ಕೆ ಹೋದಾಗ ನನ್ನ ಪೆಡಲ್ ಒತ್ತಿ ನೋಡಿದೆ. ದನಿ ಕೆಮ್ಮಿತು. ಪಕ್ಕದಲ್ಲೇ ಅವನ ಪೆಡಲ್. ಹೆಬ್ಬೆರಳು ಎರಡು ಸಲ ಸರಿಯಿತು — ಅಷ್ಟೇ ಹೊತ್ತು ಹಿಡಿದದ್ದು. ಎರಡೂ ನೀವೇ ತಂದ ಒಂದೇ ಪೊಟ್ಟಣದ ಬ್ಯಾಟರಿ, ಗುರುತು ಹತ್ತುವಂತಿರಲಿಲ್ಲ. ಅವನಿಗೆ ಹೇಗೋ ಸಾಲುತ್ತದೆ ಎಂದುಕೊಂಡೆ. ಅಥವಾ — ಇಲ್ಲ, ಇದನ್ನೂ ಹೇಳಿಬಿಡಬೇಕು — ಶಿಳ್ಳೆಯೆಲ್ಲ ಅವನಿಗೇ ಬೀಳುವುದು ಕಂಡು ನನಗೆ ಹೊಟ್ಟೆಕಿಚ್ಚಿತ್ತು. ಕೆಟ್ಟರೆ ಒಂದು ಸಲ ಕೆಡಲಿ ಎಂದೂ ಅಂದುಕೊಂಡೆ.

ಮೂರನೇ ಹಾಡಿನಲ್ಲಿ ಅವನ ಸೋಲೋ. ದನಿ ಪುರ್ರೆಂದು ಒಡೆದು, ಸಣ್ಣಗಾಗಿ, ನಿಂತೇ ಹೋಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಬೀಗರೊಬ್ಬರು "ಯಾಕ್ರಪ್ಪ, ಗಿಟಾರಿಗೆ ನೆಗಡಿ ಆತೇನು?" ಎಂದರು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನಾನೂ ನಕ್ಕೆ, ಚಂದ್ರಣ್ಣ.

ಮಂಜ ವೇದಿಕೆ ಇಳಿದವನೇ ಎಲ್ಲರೆದುರು ನಿಮಗೆ ಅಂದ: "ಮೂರು ಹಾಡಿಗೆ ಬಾರದ ಡಬ್ಬಿ ಯಾಕ ಮಾಡ್ತೀರಿ? ಬಿಟ್ಬಿಡ್ರಿ." ನೀವು ಅವನ ಪೆಡಲ್ ಎತ್ತಿಕೊಂಡಿರಿ. ಮುಚ್ಚಳ ಸರಿಸಿ ಬ್ಯಾಟರಿಯನ್ನು ನಾಲಿಗೆಗೆ ತಾಗಿಸಿದಿರಿ. ಜೀವವಿದ್ದರೆ ಚುರ್ ಎನ್ನಬೇಕು; ಎನ್ನಲಿಲ್ಲ. "ಮಧ್ಯಾಹ್ನ ನಾನೇ ಹೊಸದು ಹಾಕೀನಿ. ಇಷ್ಟರಾಗ ಕುಡದೈತೆ ಅಂದ್ರ ಒಳಗ ಎಲ್ಲೋ ಸೋರ್ತೈತೆ" ಎಂದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕಿಕೊಂಡವರೂ ನೀವೇ.

ಆಮೇಲಿನ ಭಾನುವಾರಗಳು — ಅವೇ ದೊಡ್ಡ ಪಾಪ. ಬ್ಯಾಟರಿ ಬದಲಿಸಿದ್ದು ಅರ್ಧ ನಿಮಿಷದ ಕೆಲಸ, ಬಾಯಿ ಮುಚ್ಚಿಕೊಂಡಿದ್ದು ತಿಂಗಳುಗಟ್ಟಲೆ. ವಾರವಾರ ಹರಿಹರಕ್ಕೆ ಬಂದು ನಿಮ್ಮ ಪಡಸಾಲೆಯಲ್ಲಿ ಟಾರ್ಚ್ ಹಿಡಿದು ಕೂತೆ. ಅತ್ತಿಗೆ ಮಂಡಕ್ಕಿ ಮಿರ್ಚಿ ತಂದಿಟ್ಟು, "ಶಿವು ಒಬ್ಬನೇ ನೋಡ್ರಿ ನಿಮ್ಮ ಜೊತಿ ನಿಂತೋನು" ಎನ್ನುತ್ತಿದ್ದರು. ನಾನು ಮಿರ್ಚಿ ತಿನ್ನುತ್ತಿದ್ದೆ. ನೀವು ಮಂಜನ ಪೆಡಲಿನ ಒಂದೊಂದೇ ಬಿಡಿಭಾಗ ಕಿತ್ತು ಹೊಸದು ಬೆಸೆದಿರಿ. ಮೀಟರ್ ಇಟ್ಟು ಅಳೆದರೆ ಎಲ್ಲ ಸರಿ. "ಈ ಮೀಟರೇ ಸುಳ್ಳು ಹೇಳ್ತೈತೆ" ಎಂದು ಗೆಳೆಯರೊಬ್ಬರಿಂದ ಇನ್ನೊಂದು ತಂದಿರಿ. ಅದೂ ಸರಿ ಎಂದಿತು. ಮೀಟರಿನ ಮೇಲೆ ಅನುಮಾನಪಟ್ಟಿರಿ, ನಿಮ್ಮ ಕಣ್ಣಿನ ಮೇಲೆ, ಕೊನೆಗೆ ಕೈಯ ಮೇಲೆ ಅನುಮಾನಪಟ್ಟಿರಿ. ನನ್ನ ಮೇಲೆ ಮಾತ್ರ ಇಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದರೂ ಯಾರಾದರೂ ಕಳ್ಳ ಎನ್ನಬೇಕಲ್ಲ — ನೀವು ಎನ್ನಲೇ ಇಲ್ಲ.

ಒಂದು ಭಾನುವಾರ ಬಾಯಿ ತೆರೆದೆ. "ಅಣ್ಣಾ, ಅವತ್ತು ನಾನು —"

"ಟಾರ್ಚ್ ಅಲ್ಲಾಡಿಸಬ್ಯಾಡ" ಎಂದಿರಿ, ತಲೆ ಎತ್ತದೆ.

ನಾನು ಅಲ್ಲಾಡಿಸಲಿಲ್ಲ. ಮಾತನ್ನೂ ಮುಂದುವರಿಸಲಿಲ್ಲ. ಇನ್ನೊಂದೆರಡು ತಿಂಗಳಿಗೆ ನೀವು ಸಾಮಾನನ್ನೆಲ್ಲ ಟ್ರಂಕಿಗೆ ಹಾಕಿ ಮಂಚದ ಕೆಳಗೆ ತಳ್ಳಿದಿರಿ. ಮತ್ತೆ ಪೆಡಲ್ ಕಟ್ಟಲಿಲ್ಲ.

ಹೋದ ತಿಂಗಳು ನನ್ನ ಮಗಳು ನನ್ನ ಜೊತೆ ನಿಮ್ಮಲ್ಲಿಗೆ ಬಂದಳಲ್ಲ. ಈಗ ಗಿಟಾರ್ ಕಲಿಯುತ್ತಿದ್ದಾಳೆ. ಬೀರುವಿನ ಮೇಲಿದ್ದ ನನ್ನ ಹಳೆಯ ಪೆಡಲ್ ಇಳಿಸಿ, ಮುಚ್ಚಳವನ್ನು ಹತ್ತು ಸಲ ಸರಿಸಿ ನೋಡಿ, ಇಂಥದ್ದೇ ಬೇಕು ಎಂದು ಹಟ ಹಿಡಿದಳು. "ನನಗೂ ಒಂದು ಮಾಡಿಕೊಡ್ರಿ ದೊಡ್ಡಪ್ಪ" ಎಂದಾಗ ನೀವು ಅವಳ ತಲೆ ಸವರಿದಿರಿ. "ಬ್ಯಾಡವ್ವ. ನನ್ನ ಕೈ ನಂಬಂಗಿಲ್ಲ. ಮಂದಿ ಮುಂದ ಮರ್ಯಾದಿ ತಗೀತೈತೆ."

ಬಸ್ಸಿನಲ್ಲಿ ಅವಳು ಕೇಳಿದಳು: "ದೊಡ್ಡಪ್ಪ ಯಾಕ ಹಂಗಂದ್ರು?"

"ವಯಸ್ಸಾತಲ್ಲವ್ವ" ಎಂದೆ. ಎಷ್ಟು ಸಲೀಸಾಗಿ ಬಂತು ನೋಡಿ ಆ ಸುಳ್ಳು! ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತು.

ಮೊನ್ನೆ ಅವಳಿಗೆ ಎಲ್ಲ ಹೇಳಿದೆ. ಅಂದಿನಿಂದ ಮಾತು ಬಿಟ್ಟಿದ್ದಾಳೆ. ಮಂಜನಿಗೆ ಫೋನ್ ಮಾಡಿ ಹೇಳಿದೆ. ನನ್ನನ್ನು ಬೈಯುತ್ತಾನೆಂದುಕೊಂಡಿದ್ದೆ. "ಅವ್ರಿಗೆ ಅಂಥ ಮಾತು ಅಂದ್ನಲ್ಲಲೇ ನಾನು" ಎಂದು ಅತ್ತುಬಿಟ್ಟ.

ಈ ಭಾನುವಾರ ಮೂವರೂ ಬರುತ್ತೇವೆ, ಅಣ್ಣ. ಕ್ಷಮೆ ಕೇಳುವ ಮುಖ ನನಗಿಲ್ಲ. ನಿಮ್ಮನ್ನು ಅಣ್ಣನಿಗಿಂತ ಹೆಚ್ಚಾಗಿ ಪ್ರೀತಿಸಿದ್ದೇನೆ, ಅದು ನಿಜ — ಆದರೆ ಪ್ರೀತಿ ಇಟ್ಟುಕೊಂಡೇ ಇಷ್ಟು ಕಾಲ ನಿಮ್ಮನ್ನು ನೋಯಲು ಬಿಟ್ಟೆ, ಅದೂ ನಿಜ. ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡರೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತೇನೆ. ಪೆಡಲ್ ಕಟ್ಟುವುದು, ಬಿಡುವುದು ನಿಮ್ಮಿಷ್ಟ. ಆದರೆ ನಿಮ್ಮ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದನ್ನು ಅತ್ತಿಗೆಯ ಎದುರು, ಮಂಜನ ಎದುರು, ನನ್ನ ಮಗಳ ಎದುರು ನಾನೇ ನಿಂತು ಹೇಳುತ್ತೇನೆ. ಮಂದಿ ಮುಂದೆ ಹೋದ ಮರ್ಯಾದೆ ಮಂದಿ ಮುಂದೆಯೇ ತಿರುಗಿ ಬರಬೇಕು.